ಸಿಡುಕಿಗೆ ಮದ್ದು: ಪ್ರಯೋಗಗಳು ಅಳೆದದ್ದು ಏನನ್ನು?

ಬೆಂಗಳೂರಿನ ವಾಯವ್ಯದಲ್ಲಿ, ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಿಗೆ ಲಗ್ಗೆರೆ ಇದೆ. ಒಂದು ಕಾಲದ ಹಳ್ಳಿ. ಈಗ ಒತ್ತೊತ್ತಾಗಿ ಎದ್ದ ಬಾಡಿಗೆ ಮನೆಗಳ ಊರು. ಇಲ್ಲಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಒಂದು ಹಾಲು, ಒಂದು ಅಡುಗೆಮನೆ. ಅಪ್ಪ ಯಂತ್ರಭಾಗ ತಯಾರಿಸುವ ಷೆಡ್ಡಿನಲ್ಲಿ ಲೇತ್ ನಡೆಸುವವನು. ಈ ವಾರ ರಾತ್ರಿ ಪಾಳಿ. ಅಮ್ಮ ಬೆಳಗ್ಗೆ ಎಂಟಕ್ಕೆಲ್ಲ ಗಾರ್ಮೆಂಟ್ಸಿಗೆ ಹೊರಡಬೇಕು. ಹದಿಮೂರರ ಮಗ ಎಂಟನೆಯ ತರಗತಿ. ಅಪ್ಪ ಮಲಗುವ ಹೊತ್ತಿಗೆ ಉಳಿದವರ ಹಗಲು ಶುರುವಾಗಿರುತ್ತದೆ. ಮಗ ಮಲಗುವುದು ರಾತ್ರಿ ಹನ್ನೆರಡು ದಾಟಿದ ಮೇಲೆ. "ಏಳೋ" ಎಂದರೆ ಸಿಡಿಮಿಡಿ, "ಊಟ ಮಾಡೋ" ಎಂದರೆ ತಟ್ಟೆ ತಳ್ಳುತ್ತಾನೆ, ವಾರಕ್ಕೆ ಮೂರು ಸಲ ಬಾಗಿಲು ಒದೆಯುತ್ತಾನೆ. ನಿದ್ದೆಗೆಟ್ಟ ಅಪ್ಪ ಎದ್ದು ಬಂದು ಅವನಿಗಿಂತ ಜೋರಾಗಿ ಕೂಗುತ್ತಾನೆ. ಶಾಲೆಯಿಂದಲೂ ದೂರು ಬಂದಿದೆ. ಕೊನೆಗೆ ಪಕ್ಕದ ಮನೆಯವರು ಹೇಳುತ್ತಾರೆ: "ಸಿಟ್ಟಿಗೂ ಈಗ ಮಾತ್ರೆ ಇದೆಯಂತೆ ಅಕ್ಕಾ, ಒಮ್ಮೆ ತೋರಿಸಿ ನೋಡಿ."

ಇದೆಯೇ? ಇದ್ದರೆ ಯಾರಿಗೆ, ಮಗನಿಗೋ ಅಪ್ಪನಿಗೋ? ಸಿಡುಕನ್ನೇ ಗುರಿಯಾಗಿಟ್ಟುಕೊಂಡ ವೈದ್ಯಕೀಯ ಪ್ರಯೋಗಗಳು ಈ ಶತಮಾನದ ಆರಂಭದಿಂದ ನಡೆದಿವೆ. ಅವುಗಳಲ್ಲಿ ಮುಖ್ಯವಾದ ಕೆಲವನ್ನು ಇಲ್ಲಿ ನಿಮ್ಮ ಮುಂದಿಟ್ಟು ಪರಿಶೀಲಿಸುತ್ತೇನೆ. ನನ್ನ ಆಕ್ಷೇಪವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಪ್ರಯೋಗಗಳು ಬಹುಮಟ್ಟಿಗೆ ಪ್ರಾಮಾಣಿಕವಾದವು. ಅವುಗಳನ್ನು ನಾವು ಓದುವ ಕ್ರಮದಲ್ಲಿ ದೋಷವಿದೆ. ಮದ್ದು ಕೊಟ್ಟ ಮೇಲೆ ಏನಾಯಿತು ಎಂಬ ಸಾಲನ್ನು ಓದುತ್ತೇವೆ. ಮದ್ದು ಕೊಡುವುದಕ್ಕೆ ಮೊದಲಿನ ವಾರಗಳಲ್ಲಿ ಏನಾಯಿತು ಎಂಬ ಸಾಲನ್ನು ಬಿಟ್ಟುಬಿಡುತ್ತೇವೆ.

ಸಿಡುಕು ಎಂದರೇನು?

ಸಿಟ್ಟು ಎಲ್ಲರಿಗೂ ಬರುತ್ತದೆ, ಅದು ರೋಗವಲ್ಲ. ಸಂಶೋಧಕರು ಸಿಡುಕು ಎನ್ನುವುದು ಅದೇ ವಯಸ್ಸಿನ ಇತರರಿಗೆ ಹೋಲಿಸಿದಾಗ ತೀರ ಸಣ್ಣ ಕಾರಣಕ್ಕೆ, ತೀರ ಬೇಗ ಸಿಟ್ಟೇಳುವ ಸ್ವಭಾವಕ್ಕೆ. ಇದರಲ್ಲಿ ಎರಡು ಅಂಶಗಳನ್ನು ಅವರು ಬೇರ್ಪಡಿಸುತ್ತಾರೆ. ಆಗಾಗ ಪಟಾಕಿಯಂತೆ ಸಿಡಿಯುವುದು ಒಂದು. ಸಿಡಿತಗಳ ನಡುವಿನ ಹೊತ್ತಿನಲ್ಲೂ ಮುಖ ಗಂಟುಹಾಕಿಕೊಂಡೇ ಇರುವುದು ಇನ್ನೊಂದು. ಎರಡನೆಯದೇ ಹೆಚ್ಚು ಗಂಭೀರ, ಏಕೆಂದರೆ ಅದು ಬಾಗಿಲು ಒದೆಯುವುದಿಲ್ಲ, ಯಾರ ಗಮನಕ್ಕೂ ಬರುವುದಿಲ್ಲ.

ಈ ವಿಷಯಕ್ಕೆ ಇಷ್ಟು ಮಹತ್ವ ಬಂದದ್ದು ಒಂದು ದೊಡ್ಡ ತಪ್ಪಿನಿಂದ. ಅಮೆರಿಕದಲ್ಲಿ 1994-95ರಲ್ಲಿ ಪ್ರತಿ ಲಕ್ಷ ಮಕ್ಕಳು ಮತ್ತು ಹದಿಹರೆಯದವರಿಗೆ ಬೈಪೋಲಾರ್, ಅಂದರೆ ಉನ್ಮಾದ-ಖಿನ್ನತೆಯ ಕಾಯಿಲೆ ಎಂದು ದಾಖಲಾದ ವೈದ್ಯರ ಭೇಟಿಗಳು 25. 2002-03ರ ಹೊತ್ತಿಗೆ ಅವು 1,003. ಎಂಟು ವರ್ಷಗಳಲ್ಲಿ 40 ಪಟ್ಟು! ಒಂದು ಕಾಯಿಲೆ ಇಷ್ಟು ಬೇಗ ಹೆಚ್ಚಲಾರದು, ಹೆಚ್ಚಿದ್ದು ಹಣೆಪಟ್ಟಿ. ಸದಾ ಸಿಡುಕುವ ಮಕ್ಕಳನ್ನು ಬೈಪೋಲಾರ್ ಎಂದು ಗುರುತಿಸಿ, ದೊಡ್ಡವರ ಉನ್ಮಾದಕ್ಕೆ ಬಳಸುವ ಮದ್ದುಗಳನ್ನೇ ಅವರಿಗೂ ಕೊಡಲಾಗುತ್ತಿತ್ತು.

ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಎಲೆನ್ ಲೀಬೆನ್‌ಲಫ್ಟ್ ಮತ್ತು ಅವರ ಸಂಗಡಿಗರು 2003ರಲ್ಲಿ ಈ ಮಕ್ಕಳನ್ನು ಬೇರೆಯೇ ಗುಂಪಾಗಿ ಪರಿಗಣಿಸಬೇಕೆಂದು ಸೂಚಿಸಿದರು. 2009ರಲ್ಲಿ ಪ್ರಕಟವಾದ, ಇಪ್ಪತ್ತು ವರ್ಷ ಬೆನ್ನುಹತ್ತಿದ ಒಂದು ಅಧ್ಯಯನದಲ್ಲಿ ಹದಿಹರೆಯದಲ್ಲಿ ಸಿಡುಕುತ್ತಿದ್ದವರು ಮೂವತ್ತು ದಾಟಿದ ಮೇಲೆ ಖಿನ್ನತೆಗೆ, ಆತಂಕಕ್ಕೆ ಹೆಚ್ಚಾಗಿ ಒಳಗಾಗಿದ್ದರು, ಬೈಪೋಲಾರ್‌ಗೆ ಅಲ್ಲ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಡಿ.ಎಸ್.ಎಂ.-5 ಇದಕ್ಕೆ ಹೊಸ ಹೆಸರು ಕೊಟ್ಟಿತು: ಡಿ.ಎಂ.ಡಿ.ಡಿ. ಹತ್ತು ವರ್ಷಕ್ಕೆ ಮೊದಲೇ ಶುರುವಾಗಿರಬೇಕು. ವಾರಕ್ಕೆ ಮೂರು ಅಥವಾ ಹೆಚ್ಚು ಸಿಡಿತಗಳು, ಸಿಡಿತಗಳ ನಡುವೆಯೂ ಸಿಟ್ಟು. ಒಂದು ವರ್ಷ ಹೀಗೇ ನಡೆದಿರಬೇಕು. ಮನೆ, ಶಾಲೆ, ಗೆಳೆಯರ ಗುಂಪು ಇವುಗಳಲ್ಲಿ ಕನಿಷ್ಠ ಎರಡು ಕಡೆ ಕಾಣಿಸಬೇಕು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಐ.ಸಿ.ಡಿ.-11 ಈ ಹೆಸರನ್ನು ಒಪ್ಪಲಿಲ್ಲ. ವಿರೋಧಿಸುವ ನಡವಳಿಕೆಯ ತೊಂದರೆಯ ಒಂದು ಬಗೆಯೆಂದಷ್ಟೇ ಅದನ್ನು ಗುರುತಿಸಿತು. ಲಗ್ಗೆರೆಯ ಹುಡುಗ ಒಂದು ಪುಸ್ತಕದ ಪ್ರಕಾರ ಒಂದು ಕಾಯಿಲೆಯವನು, ಇನ್ನೊಂದರ ಪ್ರಕಾರ ಇನ್ನೊಂದರವನು. ಅವನ ತೊಂದರೆ ಈ ವರ್ಷವಷ್ಟೇ ಶುರುವಾಗಿದ್ದರೆ ಮೊದಲನೆಯ ಪುಸ್ತಕದ ಪಟ್ಟಿಯಲ್ಲಿ ಅವನು ಇಲ್ಲವೇ ಇಲ್ಲ.

ಇಪ್ಪತ್ತು ಮಕ್ಕಳ ಸಂಗತಿ

ಈಗ ನಾನು ಅತಿ ಮುಖ್ಯವೆಂದು ಭಾವಿಸುವ ಪ್ರಯೋಗಕ್ಕೆ ಬರೋಣ. ಇದೂ 2009ರಲ್ಲಿ ಪ್ರಕಟವಾಯಿತು. ಪ್ರಶ್ನೆ ಸರಳ: ತೀವ್ರ ಸಿಡುಕಿನ ಮಕ್ಕಳಿಗೆ ಲಿಥಿಯಂ ಉಪಯೋಗವಾಗುತ್ತದೆಯೇ? 7ರಿಂದ 17 ವರ್ಷದ 45 ಮಕ್ಕಳನ್ನು ಸೇರಿಸಿಕೊಂಡರು. ಅವರು ಮೊದಲು ಸೇವಿಸುತ್ತಿದ್ದ ಮದ್ದುಗಳನ್ನು ಕ್ರಮೇಣ ನಿಲ್ಲಿಸಿ, ಎರಡು ವಾರ ಎಲ್ಲರಿಗೂ ಹುಸಿಮದ್ದು ಕೊಟ್ಟರು. ಹುಸಿಮದ್ದು ಎಂದರೆ ನೋಡಲು ಔಷಧದಂತೆಯೇ ಇರುವ, ಆದರೆ ಔಷಧವಿಲ್ಲದ ಗುಳಿಗೆ. ಇದನ್ನು ಪ್ರಯೋಗದ ಪೂರ್ವಾವಧಿ ಎನ್ನಬಹುದು. ನಿಜವಾದ ಹೋಲಿಕೆ ಶುರುವಾಗುವುದು ಇದಾದ ಮೇಲೆ.

ಆ ಎರಡು ವಾರಗಳಲ್ಲಿ 45 ಮಕ್ಕಳ ಪೈಕಿ 20 ಮಕ್ಕಳು ಎಷ್ಟು ಸುಧಾರಿಸಿದರೆಂದರೆ ಅವರನ್ನು ಮುಂದಿನ ಹಂತಕ್ಕೆ ತೆಗೆದುಕೊಳ್ಳಲೇ ಇಲ್ಲ. ಉಳಿದ 25 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ 14 ಮಂದಿಗೆ ಲಿಥಿಯಂ, 11 ಮಂದಿಗೆ ಹುಸಿಮದ್ದನ್ನು ಆರು ವಾರ ಕೊಟ್ಟರು. ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಹೀಗಾಗಿ ಪ್ರಯೋಗದ ಸಾರಾಂಶ "ಲಿಥಿಯಂನಿಂದ ಪ್ರಯೋಜನ ಕಂಡುಬರಲಿಲ್ಲ" ಎಂದಾಯಿತು. ಈ ಪ್ರಯೋಗವನ್ನು ನೆನೆಯುವವರು ನೆನೆಯುವುದೂ ಅಷ್ಟನ್ನೇ.

ಆದರೆ ಆ 20 ಮಕ್ಕಳು? ಅವರಿಗೆ ಏನಾಯಿತು? ಇದರ ಹಿಂದೆ ಹಲವು ಕಾರಣಗಳಿರಬಹುದು. ಆ ಮಕ್ಕಳು ಆಸ್ಪತ್ರೆಯ ವಾರ್ಡಿನಲ್ಲಿದ್ದರು. ಅಲ್ಲಿ ಊಟ, ನಿದ್ದೆ, ಆಟ ಎಲ್ಲಕ್ಕೂ ಹೊತ್ತು ಗೊತ್ತು. ಕೂಗಿದರೆ ತಿರುಗಿ ಕೂಗುವವರಿಲ್ಲ. ಹಳೆಯ ಮದ್ದುಗಳು ನಿಂತಿದ್ದವು. ಅವುಗಳಲ್ಲೇ ಕೆಲವು ಸಿಡುಕನ್ನು ಹೆಚ್ಚಿಸಿದ್ದಿರಬಹುದು. ಗುಳಿಗೆ ನುಂಗುತ್ತಿದ್ದೇನೆ ಎಂಬ ನಂಬಿಕೆಯೂ ಕೆಲಸ ಮಾಡಿರಬಹುದು. ಇವೆಲ್ಲದರ ಜತೆಗೆ ಸಂಖ್ಯಾಶಾಸ್ತ್ರದ ಒಂದು ಹಳೆಯ ಸತ್ಯವೂ ಇದೆ. ಯಾವುದೇ ಏರಿಳಿತದ ಸಂಗತಿಯನ್ನು ಅದರ ತುದಿಯಲ್ಲಿ ಹಿಡಿದು ಅಳೆದರೆ ಮುಂದಿನ ಅಳತೆ ತಾನಾಗಿಯೇ ಸರಾಸರಿಯತ್ತ ಇಳಿಯುತ್ತದೆ. ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುವುದು ಯಾವ ವಾರ? ಅತಿ ಕೆಟ್ಟ ವಾರ. ಅಂದು ಕೊಟ್ಟದ್ದು ಲಿಥಿಯಂ ಆಗಲಿ, ಕೊತ್ತಂಬರಿ ಕಷಾಯವಾಗಲಿ, ಎರಡು ವಾರದ ಮೇಲೆ "ಪರವಾಗಿಲ್ಲ ಡಾಕ್ಟ್ರೇ" ಎನ್ನುವವರು ಬಹಳ ಮಂದಿ. ಶ್ರೇಯಸ್ಸು ಕಷಾಯಕ್ಕೆ ಹೋಗುತ್ತದೆ.

ಈ ಕಾರಣಗಳಲ್ಲಿ ಯಾವುದು ಎಷ್ಟು ಎಂದು ಬಿಡಿಸಲು ಆ ಪ್ರಯೋಗವನ್ನು ರೂಪಿಸಿರಲಿಲ್ಲ. ಅದಕ್ಕೆ ಅದನ್ನು ದೂಷಿಸುವಂತಿಲ್ಲ. ಆದರೆ ನೀವು ತಂದೆಯೋ ತಾಯಿಯೋ ಆಗಿದ್ದರೆ ಈ ಸಂಖ್ಯೆಯ ಅರ್ಥವನ್ನು ಯೋಚಿಸಿ. ಅತಿ ತೀವ್ರವೆಂದು ಆರಿಸಿ ತೆಗೆದ ಮಕ್ಕಳಲ್ಲೇ ಹತ್ತಿರಹತ್ತಿರ ಅರ್ಧದಷ್ಟು ಮಕ್ಕಳಿಗೆ ಗಮನವಿಟ್ಟು ನೋಡಿಕೊಂಡ ಎರಡು ವಾರ ಸಾಕಾಯಿತು. ನಮ್ಮ ಹೊರರೋಗಿ ವಿಭಾಗಗಳಲ್ಲಿ ಇಂಥ ಪೂರ್ವಾವಧಿಯೇ ಇಲ್ಲ. ಉದ್ದನೆಯ ಸಾಲಿನಲ್ಲಿ ಕಾದು, ಅರ್ಧ ದಿನದ ಕೂಲಿ ಬಿಟ್ಟು ಬಂದ ತಾಯಿಗೆ "ಎರಡು ವಾರ ನೋಡೋಣ" ಎಂದರೆ ಅವಳಿಗೆ ಅದು ಚಿಕಿತ್ಸೆಯಂತೆ ಕಾಣುವುದಿಲ್ಲ. ವೈದ್ಯರಿಗೂ ಹಾಗೆ ಹೇಳುವಷ್ಟು ಸಮಾಧಾನವಿರುವುದಿಲ್ಲ. ಮೊದಲ ದಿನವೇ ಚೀಟಿ ಬರೆಯಲಾಗುತ್ತದೆ. ಆ 20ರಂಥ ಮಕ್ಕಳೂ ಇಲ್ಲಿ ಮದ್ದಿನ ಮೇಲಿರುತ್ತಾರೆ, ಮದ್ದಿನಿಂದಲೇ ಗುಣವಾಯಿತೆಂದು ಮನೆಯವರು ನಂಬಿರುತ್ತಾರೆ.

2020ರಲ್ಲಿ ಅದೇ ಸಂಸ್ಥೆಯಿಂದ ಇನ್ನೊಂದು ಪ್ರಯೋಗ ಬಂತು. ಇದು ಹೆಚ್ಚು ಆಶಾದಾಯಕ. ಮೊದಲು ಎಲ್ಲ ಮಕ್ಕಳಿಗೂ ಮೀಥೈಲ್‌ಫೆನಿಡೇಟ್ ಎಂಬ, ಗಮನ ಕೊರತೆ ಮತ್ತು ಅತಿ ಚಟುವಟಿಕೆಗೆ ಕೊಡುವ ಮದ್ದನ್ನು ಕೆಲವು ವಾರ ಕೊಟ್ಟರು. ಅದರ ನಂತರವೂ ತೀವ್ರ ಸಿಡುಕು ಉಳಿದವರು 53 ಮಂದಿ. ಅವರಲ್ಲಿ ಕೆಲವರಿಗೆ ಸಿಟಲೋಪ್ರಾಂ ಎಂಬ ಖಿನ್ನತೆಯ ಮದ್ದನ್ನು, ಉಳಿದವರಿಗೆ ಹುಸಿಮದ್ದನ್ನು, ಮೊದಲಿನದರ ಜತೆ ಎಂಟು ವಾರ ಸೇರಿಸಿದರು. ಲೆಕ್ಕಕ್ಕೆ ಸಿಕ್ಕ 49 ಮಕ್ಕಳಲ್ಲಿ ಸಿಟಲೋಪ್ರಾಂ ಗುಂಪಿನ ಶೇಕಡಾ 35, ಹುಸಿಮದ್ದಿನ ಗುಂಪಿನ ಶೇಕಡಾ 6 ಮಕ್ಕಳು ಸುಧಾರಿಸಿದರು. ಒಂದೊಂದು ಗುಂಪಿನಲ್ಲಿ ಸುಮಾರು 25 ಮಕ್ಕಳೆಂದರೆ ಈ ಶೇಕಡಾವಾರುಗಳು ಬೆರಳೆಣಿಕೆಯ ಮಕ್ಕಳ ಮೇಲೆ ನಿಂತಿವೆ ಎಂಬುದನ್ನು ಮರೆಯಬೇಡಿ. ಇನ್ನೊಂದು ಮಾತನ್ನು ಪ್ರಯೋಗಕಾರರೇ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ: ದೈನಂದಿನ ಬದುಕಿನ ಅಡಚಣೆಯಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ. ಸಿಡುಕಿನ ಅಂಕ ಇಳಿಯಿತು. ಮಗುವಿನ ಶಾಲೆ, ಗೆಳೆತನ, ಮನೆ ಎಂಟು ವಾರಗಳಲ್ಲಿ ಅಷ್ಟಾಗಿ ಬದಲಾಗಲಿಲ್ಲ.

ಆದರೂ ಈ ಪ್ರಯೋಗದ ಕಟ್ಟಡವನ್ನು ನಾನು ಮೆಚ್ಚುತ್ತೇನೆ. ಅದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೊದಲು ಜತೆಗಿರುವ ತೊಂದರೆಗೆ ಚಿಕಿತ್ಸೆ. ಅದರಿಂದ ಬಗೆಹರಿಯದವರಿಗೆ ಮಾತ್ರ ಮುಂದಿನ ಮೆಟ್ಟಿಲು.

ಒಂದೇ ಹೆಸರು, ಬೇರೆ ಸರಕು

ಸಿಡುಕಿಗೆ ಮದ್ದು ಇದೆ ಎನ್ನುವವರು ಸಾಮಾನ್ಯವಾಗಿ ಆಧಾರವಾಗಿಟ್ಟುಕೊಳ್ಳುವುದು ರಿಸ್ಪೆರಿಡೋನನ್ನು. 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆಟಿಸಂ ಇರುವ, 5ರಿಂದ 17 ವರ್ಷದ 101 ಮಕ್ಕಳಿದ್ದರು. ಎಂಟು ವಾರಗಳ ಕೊನೆಗೆ ರಿಸ್ಪೆರಿಡೋನ್ ಗುಂಪಿನ ಶೇಕಡಾ 69 ಮಕ್ಕಳು, ಹುಸಿಮದ್ದಿನ ಗುಂಪಿನ ಶೇಕಡಾ 12 ಮಕ್ಕಳು ಸುಧಾರಿಸಿದರು. ಮನೋವೈದ್ಯದಲ್ಲಿ ಇಷ್ಟು ದೊಡ್ಡ ಅಂತರ ಅಪರೂಪ. 2006ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಆಟಿಸಂ ಮಕ್ಕಳ ಸಿಡುಕಿಗೆ ಈ ಮದ್ದನ್ನು ಮಂಜೂರು ಮಾಡಿದರು. 2009ರಲ್ಲಿ ಅರಿಪಿಪ್ರಜೋಲ್‌ಗೂ ಮಂಜೂರಾತಿ ಸಿಕ್ಕಿತು. ನಮ್ಮಲ್ಲೂ 2006ರಲ್ಲಿ ಚಂಡೀಗಢದಿಂದ 40 ಆಟಿಸಂ ಮಕ್ಕಳ, ಆರು ತಿಂಗಳ ರಿಸ್ಪೆರಿಡೋನ್ ಪ್ರಯೋಗವೊಂದು ಪ್ರಕಟವಾಗಿ ಅದೇ ದಿಕ್ಕಿನ ಫಲ ಕಂಡಿತು.

ಇಲ್ಲಿ ಎಚ್ಚರ ಬೇಕಾದದ್ದು "ಸಿಡುಕು" ಎಂಬ ಪದದಲ್ಲೇ. ಅಮೆರಿಕದ ಪ್ರಯೋಗ ಬಳಸಿದ ಮಾಪಕ 1985ರದು. ಮೈಕೆಲ್ ಅಮನ್ ಮತ್ತು ಸಂಗಡಿಗರು ಬೌದ್ಧಿಕ ಅಸಾಮರ್ಥ್ಯವಿದ್ದು ವಸತಿ ಸಂಸ್ಥೆಗಳಲ್ಲಿದ್ದವರಿಗಾಗಿ ರೂಪಿಸಿದ್ದು. ಅದರ "ಸಿಡುಕು" ಎಂಬ ಭಾಗದ 15 ಪ್ರಶ್ನೆಗಳಲ್ಲಿ ತನ್ನನ್ನು ತಾನೇ ಗಾಯ ಮಾಡಿಕೊಳ್ಳುವುದು, ಇತರರ ಮೇಲೆ ಎರಗುವುದು, ರಚ್ಚೆ ಹಿಡಿಯುವುದು, ಅಳುವುದು ಎಲ್ಲವೂ ಸೇರಿವೆ. ಅಲ್ಲಿ ಅಳೆದ ಸರಕು ಬೇರೆ, ಲಗ್ಗೆರೆಯ ಹುಡುಗನಲ್ಲಿರುವ ಸರಕು ಬೇರೆ. ಎರಡಕ್ಕೂ ಅಂಟಿಸಿದ ಚೀಟಿ ಮಾತ್ರ ಒಂದೇ. ತಲೆ ಗೋಡೆಗೆ ಬಡಿದುಕೊಳ್ಳುವ ಆಟಿಸಂ ಮಗುವಿಗೆ ಈ ಮದ್ದು ದೊಡ್ಡ ಉಪಕಾರ ಮಾಡಬಹುದು. ಅದರ ಬಲದ ಮೇಲೆ, ನಿದ್ದೆಗೆಟ್ಟು ತಟ್ಟೆ ತಳ್ಳುವ ಹುಡುಗನಿಗೂ ಅದನ್ನು ಬರೆಯುವುದು ಪುರಾವೆಯನ್ನು ಅದರ ಸ್ಥಳದಿಂದ ಕಿತ್ತು ತಂದಂತೆ.

ಬೆಲೆಯೂ ಕಡಿಮೆಯದಲ್ಲ. ಆ ಎಂಟೇ ವಾರಗಳಲ್ಲಿ ರಿಸ್ಪೆರಿಡೋನ್ ಪಡೆದ ಮಕ್ಕಳ ತೂಕ ಸರಾಸರಿ 2.7 ಕಿಲೋ ಏರಿತು. ಹುಸಿಮದ್ದಿನ ಗುಂಪಿನಲ್ಲಿ 0.8 ಕಿಲೋ.

ಹದಿನೆಂಟರ ಗೆರೆ

ಈಗ ಅಪ್ಪನ ವಿಷಯ. ಡಿ.ಎಸ್.ಎಂ. ಪ್ರಕಾರ ಮಕ್ಕಳಲ್ಲಿ ಮತ್ತು ಹದಿಹರೆಯದಲ್ಲಿ ಖಿನ್ನತೆಯನ್ನು ಗುರುತಿಸಲು ಬೇಸರದ ಬದಲು ಸಿಡುಕಿದ್ದರೂ ನಡೆಯುತ್ತದೆ. ದೊಡ್ಡವರಿಗೆ ಈ ರಿಯಾಯಿತಿಯಿಲ್ಲ. ಹದಿನೆಂಟನೆಯ ಹುಟ್ಟುಹಬ್ಬದ ರಾತ್ರಿ ಮನಸ್ಸಿನಲ್ಲಿ ಏನು ಬದಲಾಗುತ್ತದೆಯೋ ನನಗೆ ತಿಳಿಯದು. ಖಿನ್ನತೆ ಬಂದ ಗಂಡಸು ಅಳುವುದಕ್ಕಿಂತ ಹೆಚ್ಚಾಗಿ ರೇಗುತ್ತಾನೆ ಎಂಬುದನ್ನು ನಮ್ಮ ಮನೆಗಳ ಹೆಂಗಸರು ಯಾವ ಕೈಪಿಡಿಯೂ ಇಲ್ಲದೆ ಬಲ್ಲರು. ಆದರೆ ಆ ಗಂಡಸು ಆಸ್ಪತ್ರೆಗೆ ಬರುವುದು ಹೊಟ್ಟೆಯುರಿ ಎಂದೋ, ತಲೆನೋವು ಎಂದೋ.

ದೊಡ್ಡವರ ಸಂಶೋಧನೆ ಇದರಿಂದಾಗಿ ತೆಳುವಾಗಿದೆ. ಇರುವುದು ಬಹುಪಾಲು ಕೋಪದ ಆಸ್ಫೋಟದ ತೊಂದರೆ ಇರುವವರ ಮೇಲೆ. ಅವರಲ್ಲಿ 100 ಮಂದಿಗೆ 12 ವಾರ ಫ್ಲುಆಕ್ಸೆಟಿನ್ ಅಥವಾ ಹುಸಿಮದ್ದು ಕೊಟ್ಟ ಪ್ರಯೋಗವೊಂದು 2009ರಲ್ಲಿ ಬಂತು. ಮದ್ದಿನ ಗುಂಪಿನ ಶೇಕಡಾ 46 ಮಂದಿಯಲ್ಲಿ ಸಿಡಿತಗಳು ಪೂರ್ಣವಾಗಿಯೋ ಭಾಗಶಃವೋ ನಿಂತವು. ಉಳಿದ ಅರ್ಧಕ್ಕಿಂತ ಹೆಚ್ಚು ಮಂದಿಗೆ ನಿಲ್ಲಲಿಲ್ಲ. ಪಾಳಿ ಬದಲಾಗುತ್ತಲೇ ಇರುವ, ಹಗಲು ನಾಲ್ಕು ತಾಸು ಮಲಗುವ ಕಾರ್ಮಿಕನಿಗೆ ಇದರಿಂದ ಏನು ತಿಳಿಯುತ್ತದೆ? ಹೆಚ್ಚೇನೂ ಇಲ್ಲ.

ನಿದ್ದೆಯ ಬಗ್ಗೆ ಮಾತ್ರ ಪ್ರಯೋಗದ ನೇರ ಪುರಾವೆಯಿದೆ. 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆರೋಗ್ಯವಂತರಾದ 50 ಹದಿಹರೆಯದವರನ್ನು ಐದು ರಾತ್ರಿ ಆರೂವರೆ ತಾಸು ಮಾತ್ರ ಹಾಸಿಗೆಯಲ್ಲಿರಿಸಿ, ಇನ್ನೊಂದು ಸರದಿಯಲ್ಲಿ ಹತ್ತು ತಾಸು ಮಲಗಲು ಬಿಟ್ಟು ಹೋಲಿಸಿದರು. ನಿದ್ದೆ ಕಡಿತವಾದ ವಾರ ಅವರು ಹೆಚ್ಚು ಸಿಟ್ಟಿಗೆದ್ದರು, ಹೆಚ್ಚು ಎದುರಾಡಿದರು. ಮಕ್ಕಳೂ ಹಾಗೆಂದರು, ತಂದೆತಾಯಿಯೂ ಹಾಗೆಂದರು. ಯಾವ ರೋಗವೂ ಇಲ್ಲದವರನ್ನು ಐದು ರಾತ್ರಿಗಳಲ್ಲಿ ಸಿಡುಕರನ್ನಾಗಿ ಮಾಡಲು ಸಾಧ್ಯ ಎಂದಾಯಿತು. ನಮ್ಮ ಹುಡುಗ ಆರೂವರೆ ತಾಸಾದರೂ ಮಲಗುತ್ತಿದ್ದಾನೆಯೇ?

ಗೇಜು ಸರಿಯಿಲ್ಲದೆ

ಪೀಣ್ಯದ ಯಾವ ಲೇತ್ ಕೆಲಸಗಾರನನ್ನಾದರೂ ಕೇಳಿ: ಅಳೆಯುವ ಗೇಜು ಸವೆದಿದ್ದರೆ ಎಷ್ಟು ಜಾಗರೂಕತೆಯಿಂದ ತಿರುಗಿಸಿದ ಷಾಫ್ಟೂ ತಿರಸ್ಕೃತವೇ. ಸಿಡುಕಿನ ಸಂಶೋಧನೆಯ ಗೇಜು ಪ್ರಶ್ನಾವಳಿ. 2012ರಲ್ಲಿ ಆರ್ಗಿರಿಸ್ ಸ್ಟ್ರಿಂಗಾರಿಸ್ ಮತ್ತು ಸಂಗಡಿಗರು ಪ್ರಕಟಿಸಿದ ಮಾಪಕ ಇವುಗಳಲ್ಲಿ ಹೆಸರುವಾಸಿ. ಏಳೇ ಪ್ರಶ್ನೆ: ಆರು ಸಿಡುಕಿನ ಬಗ್ಗೆ, ಒಂದು ಅದರಿಂದಾಗುವ ತೊಂದರೆಯ ಬಗ್ಗೆ. ಮಗುವೂ ತುಂಬಬಹುದು, ತಂದೆತಾಯಿಯೂ ತುಂಬಬಹುದು. ಐದು ನಿಮಿಷದ ಕೆಲಸ.

ಇದನ್ನು ಕನ್ನಡಕ್ಕೆ ತರಲು ಕುಳಿತರೆ ತೊಡಕು ತಿಳಿಯುತ್ತದೆ. ನಮ್ಮಲ್ಲಿ ಸಿಟ್ಟು "ಬರುತ್ತದೆ". ನನಗೆ ಸಿಟ್ಟು ಬಂತು ಎಂದರೆ ಒಳಗಿನ ಅನುಭವ. ಅವನು ಸಿಟ್ಟು ಮಾಡಿದ ಎಂದರೆ ಹೊರಗೆ ಕಂಡ ವರ್ತನೆ. "ನಿನಗೆ ಬೇಗ ಸಿಟ್ಟು ಬರುತ್ತದೆಯೇ?" ಎಂದು ಕೇಳಿದರೆ ಒಂದು ಉತ್ತರ, "ನೀನು ಬೇಗ ಸಿಟ್ಟು ಮಾಡಿಕೊಳ್ಳುತ್ತೀಯಾ?" ಎಂದರೆ ಬೇರೆ ಉತ್ತರ, ಏಕೆಂದರೆ ಎರಡನೆಯದರಲ್ಲಿ ಆರೋಪದ ದನಿಯಿದೆ. "ಕಿರಿಕಿರಿ" ಎಂಬ ಪದ ಇನ್ನೂ ಅಪಾಯದ್ದು. "ನನ್ನ ಮಗ ಬಹಳ ಕಿರಿಕಿರಿ" ಎಂದು ತಾಯಿ ಹೇಳಿದರೆ, ಅವನು ಇತರರಿಗೆ ಕಾಟ ಕೊಡುತ್ತಾನೆ ಎಂದರ್ಥವೇ ಹೊರತು ಅವನಿಗೇ ಒಳಗೆ ಕಿರಿಕಿರಿಯಾಗುತ್ತದೆ ಎಂದಲ್ಲ. ಮುನಿಸು, ಹಠ, ರೇಗಾಟ, ಸಿಡಿಮಿಡಿ ಇವು ಒಂದೊಂದೂ ಬೇರೆ. ಯಾದಗಿರಿಯಿಂದಲೋ ಮಂಡ್ಯದಿಂದಲೋ ದುಡಿಮೆಗೆ ಬಂದ ಕುಟುಂಬಗಳು ಇವುಗಳನ್ನು ಒಂದೇ ಅರ್ಥದಲ್ಲಿ ಬಳಸುವುದೂ ಇಲ್ಲ. ಪದಕ್ಕೆ ಪದವಿಟ್ಟು ಅನುವಾದಿಸಿ, ತಿರುಗಿ ಇಂಗ್ಲಿಷಿಗೆ ತಂದು ತಾಳೆ ನೋಡಿದರೆ ಪರೀಕ್ಷೆ ಪಾಸಾಗಬಹುದು; ತಾಯಿಯ ತಲೆಯಲ್ಲಿ ಮೂಡುವ ಚಿತ್ರ ಮಾತ್ರ ಬೇರೆಯೇ ಇರಬಹುದು.

ಉತ್ತರ ಕೊಡುವವರು ಯಾರು ಎಂಬುದೂ ಅಷ್ಟೇ ಮುಖ್ಯ. ರಾತ್ರಿ ಪಾಳಿಯ ಅಪ್ಪ ಮಗನನ್ನು ಕಾಣುವುದು ಮಗ ಅತಿ ಕೆಟ್ಟದಾಗಿ ವರ್ತಿಸುವ ಬೆಳಗಿನ ಒಂದು ತಾಸು.

ದೆಹಲಿಯ ಸರ್ಕಾರಿ ಶಾಲೆಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಒಂದು ಪ್ರಯೋಗ ಈ ಅಳತೆಯ ಪ್ರಶ್ನೆಗೆ ಬೆಳಕು ಚೆಲ್ಲುತ್ತದೆ. ಆರು ಶಾಲೆಗಳ 251 ವಿದ್ಯಾರ್ಥಿಗಳು. ಮನಸ್ಸಿನ ತೊಂದರೆಯಿಂದ ಸಹಾಯ ಕೇಳಿ ಬಂದವರು. ಅರ್ಧದಷ್ಟು ಮಂದಿಗೆ ಸಮಸ್ಯೆ ಬಿಡಿಸಿಕೊಳ್ಳುವ ಕ್ರಮವನ್ನು ಮನೋವೈದ್ಯರಲ್ಲದ, ಕೆಲಕಾಲ ತರಬೇತಿ ಪಡೆದ ಸಾಮಾನ್ಯ ಸಲಹೆಗಾರರು ಕೆಲವೇ ಚಿಕ್ಕ ಭೇಟಿಗಳಲ್ಲಿ ಕಲಿಸಿದರು. ಉಳಿದವರಿಗೆ ಅದೇ ವಿಷಯದ ಕಿರುಪುಸ್ತಕ ಮಾತ್ರ. ಆರು ವಾರದ ಕೊನೆಗೆ ಅಂತರರಾಷ್ಟ್ರೀಯ ಪ್ರಶ್ನಾವಳಿಯ ಅಂಕದಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಸಿಗಲಿಲ್ಲ. ಆದರೆ ಮಕ್ಕಳು ಮೊದಲ ದಿನ ತಮ್ಮ ಮಾತಿನಲ್ಲೇ ಪಟ್ಟಿಮಾಡಿದ ತಮ್ಮ ಮುಖ್ಯ ಸಮಸ್ಯೆಗಳು ಸಲಹೆ ಪಡೆದವರಲ್ಲಿ ಹೆಚ್ಚು ಕಡಿಮೆಯಾಗಿದ್ದವು. ಯಾವ ಗೇಜನ್ನು ನಂಬುವಿರಿ? ಆಮದಾದ ಅಂಕವನ್ನೋ, ಮಗುವಿನ ಮಾತನ್ನೋ? ನಾನು ಎರಡನೆಯದರ ಕಡೆ ವಾಲುತ್ತೇನೆ, ಮಗುವನ್ನು ಮೆಚ್ಚಿಸುವ ಸಲಹೆಗಾರರಿಂದ ಆ ಮಾತೂ ಸ್ವಲ್ಪ ಸಿಹಿಯಾಗಬಹುದು ಎಂಬ ಅನುಮಾನವನ್ನು ಇಟ್ಟುಕೊಂಡೇ.

ಮಾತಿನ ಚಿಕಿತ್ಸೆಯ ಇತರ ಪ್ರಯೋಗಗಳೂ ಇವೆ. 7ರಿಂದ 12 ವರ್ಷದ 43 ಡಿ.ಎಂ.ಡಿ.ಡಿ. ಮಕ್ಕಳಿಗೆ, ತಂದೆತಾಯಿಯರನ್ನೂ ಸೇರಿಸಿಕೊಂಡು, ಭಾವನೆ ಹತೋಟಿಯ ತರಬೇತಿ ಕೊಟ್ಟ 2017ರ ಪ್ರಯೋಗದಲ್ಲಿ ಶೇಕಡಾ 90ರಷ್ಟು ಮಕ್ಕಳು ಸುಧಾರಿಸಿದರು. ಮಾಮೂಲು ಚಿಕಿತ್ಸೆ ಪಡೆದ ಹೋಲಿಕೆಯ ಗುಂಪಿನಲ್ಲೂ ಶೇಕಡಾ 45ರಷ್ಟು. ಮತ್ತೆ ಅದೇ ಅರ್ಧದ ಹತ್ತಿರದ ಸಂಖ್ಯೆ ಬಂದದ್ದನ್ನು ಗಮನಿಸಿ.

ನಮ್ಮ ಪೂರ್ವಾವಧಿಯಲ್ಲಿ ಏನಿರಬೇಕು?

"ನೋಡೋಣ" ಎನ್ನುವುದು ಸುಮ್ಮನೆ ಕಾಯುವುದಲ್ಲ. ಬೆಥೆಸ್ಡಾದ ವಾರ್ಡಿನಲ್ಲಿ ನಡೆದದ್ದನ್ನು ಲಗ್ಗೆರೆಗೆ ತರುವುದಾದರೆ ಎರಡು-ಮೂರು ವಾರ ಹುಡುಕಾಟ ನಡೆಯಬೇಕು. ನಿದ್ದೆಯ ದಿನಚರಿ ಮೊದಲು. ಮಗು ಈಗಾಗಲೇ ನುಂಗುತ್ತಿರುವ ಮಾತ್ರೆಗಳ ಪರಿಶೀಲನೆ ನಂತರ: ಮೂರ್ಛೆರೋಗಕ್ಕೆ ಕೊಡುವ ಲೆವೆಟಿರಾಸೆಟಾಂ, ಫಿನೋಬಾರ್ಬಿಟೋನ್ ಎರಡೂ ಕೆಲವು ಮಕ್ಕಳಲ್ಲಿ ಸಿಡುಕನ್ನು ತರುತ್ತವೆ; ಆ ಸಿಡುಕಿಗೆ ಇನ್ನೊಂದು ಮದ್ದು ಬರೆದರೆ ಮದ್ದಿನ ಮೇಲೆ ಮದ್ದು. ರಕ್ತಹೀನತೆಗೆ ಹಿಮೋಗ್ಲೋಬಿನ್ ಪರೀಕ್ಷೆ ಅಗ್ಗದ್ದು. ಓದಲು ಬಾರದಿರುವುದು, ಕಿವಿ ಕೇಳದಿರುವುದು, ಶಾಲೆಯಲ್ಲಿ ಯಾರೋ ಹಿಂಸಿಸುತ್ತಿರುವುದು, ಮನೆಯಲ್ಲಿ ಕುಡಿತ ಇವನ್ನೆಲ್ಲ ಕೇಳಿ ತಿಳಿಯಬೇಕು, ಅದೂ ಮಗುವನ್ನು ಬೇರೆಯಾಗಿ ಕೂರಿಸಿಕೊಂಡು.

ಕೈಗಾರಿಕಾ ಪ್ರದೇಶವಾದ್ದರಿಂದ ಸೀಸವನ್ನೂ ನೆನಪಿಡಬೇಕು. ಹಳೆಯ ಬ್ಯಾಟರಿ ಒಡೆಯುವ, ಬೆಸುಗೆ ಹಾಕುವ, ಬಣ್ಣ ಕೆರೆಯುವ ಕೆಲಸ ಮಾಡುವವರ ಬಟ್ಟೆಯ ಧೂಳಿನಲ್ಲಿ ಸೀಸ ಮನೆಗೆ ಬರಬಹುದು. ಸೀಸದ ವಿಷದಿಂದ ಮಕ್ಕಳಲ್ಲಿ ಕಾಣುವ ಲಕ್ಷಣಗಳಲ್ಲಿ ಸಿಡುಕು ಒಂದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ 1990ರ ದಶಕದ ಕೊನೆಯಿಂದ ಈ ಬಗ್ಗೆ ದೇಶವನ್ನು ಎಚ್ಚರಿಸುತ್ತ ಬಂದರು. 2000ರಲ್ಲಿ ಸೀಸ ಬೆರೆತ ಪೆಟ್ರೋಲು ದೇಶಾದ್ಯಂತ ನಿಂತಿತು. ಇಲ್ಲಿಯೂ ಪ್ರಯೋಗವೊಂದರ ಪಾಠವಿದೆ. ರಕ್ತದಲ್ಲಿ ಸೀಸವಿದ್ದ 780 ಪುಟ್ಟ ಮಕ್ಕಳಿಗೆ ಸಕ್ಸಿಮರ್ ಎಂಬ, ಸೀಸವನ್ನು ಹೊರಹಾಕುವ ಮದ್ದನ್ನೋ ಹುಸಿಮದ್ದನ್ನೋ ಕೊಟ್ಟ ಅಮೆರಿಕದ ಪ್ರಯೋಗ 2001ರಲ್ಲಿ ಪ್ರಕಟವಾಯಿತು. ಮದ್ದು ರಕ್ತದ ಸೀಸವನ್ನು ಇಳಿಸಿತು. ಬುದ್ಧಿಯಲ್ಲಾಗಲಿ ವರ್ತನೆಯಲ್ಲಾಗಲಿ ಪ್ರಯೋಜನ ಕಾಣಲಿಲ್ಲ. ಸೀಸ ಮಗುವಿನೊಳಗೆ ಹೋಗದಂತೆ ತಡೆಯುವುದೇ ಉಳಿದ ದಾರಿ.

ಈ ಹುಡುಕಾಟಕ್ಕೆ ಬೇಕಾದ ಸ್ಥಳೀಯ ಮಾಹಿತಿ ನಮ್ಮಲ್ಲಿ ಎಷ್ಟಿದೆ? ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಗೆ ಆರಿಸಿದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ! ದೊಡ್ಡವರು 34,802 ಮಂದಿ ಭಾಗವಹಿಸಿದ್ದರೆ ಹದಿಹರೆಯದವರು 1,191 ಮಾತ್ರ. ನಿಮ್ಹಾನ್ಸ್ ಮುಂದಾಳುತನದ ಸಿ-ವೇದ ಅಧ್ಯಯನ ಇದಕ್ಕಿಂತ ಆಶಾದಾಯಕ. 6ರಿಂದ 23 ವರ್ಷದ ಸುಮಾರು 9,000 ಮಂದಿಯನ್ನು ಬೆಂಗಳೂರು, ಮೈಸೂರು ಸೇರಿದಂತೆ ದೇಶದ ಹಲವೆಡೆ ಸೇರಿಸಿಕೊಂಡು ಅವರ ವರ್ತನೆ, ಮಿದುಳು, ಪರಿಸರದ ವಿಷಗಳನ್ನು ಒಟ್ಟಿಗೆ ನೋಡುವ ಯೋಜನೆ ಅದು. ಆದರೆ ಅದು ಅವಲೋಕನ, ಚಿಕಿತ್ಸೆಯ ಪ್ರಯೋಗವಲ್ಲ.

ಚಿಕಿತ್ಸೆಯ ಪ್ರಯೋಗ ನಮ್ಮಲ್ಲೇ ನಡೆಯಬೇಕು, ಮತ್ತು ಅದು ಮದ್ದಿಗಿಂತ ಮೊದಲು ಈ ಪೂರ್ವಾವಧಿಯನ್ನೇ ಪರೀಕ್ಷಿಸಬೇಕು. ಒಂದು ಗುಂಪಿಗೆ ಮೊದಲ ದಿನವೇ ಮಾಮೂಲು ಚಿಕಿತ್ಸೆ. ಇನ್ನೊಂದಕ್ಕೆ ಮೂರು ವಾರದ ವ್ಯವಸ್ಥಿತ ಹುಡುಕಾಟ, ನಿದ್ದೆಯ ಸುಧಾರಣೆ, ತಂದೆತಾಯಿಗೆ ಮಾರ್ಗದರ್ಶನ, ನಂತರ ಬೇಕಾದವರಿಗೆ ಮಾತ್ರ ಮದ್ದು. ಆರು ತಿಂಗಳ ಮೇಲೆ ಎಷ್ಟು ಮಕ್ಕಳು ಶಾಲೆಯಲ್ಲಿದ್ದಾರೆ, ಎಷ್ಟು ಮಕ್ಕಳು ಮದ್ದಿನ ಮೇಲಿದ್ದಾರೆ ಎಂದು ಎಣಿಸಿದರೆ ಸಾಕು. ಇದಕ್ಕೆ ದುಬಾರಿ ಯಂತ್ರ ಬೇಡ. 2009ರಿಂದ ನಮ್ಮ ದೇಶದಲ್ಲಿ ಔಷಧ ಪ್ರಯೋಗಗಳನ್ನು ರಾಷ್ಟ್ರೀಯ ದಾಖಲೆಯಲ್ಲಿ ಮೊದಲೇ ನೋಂದಾಯಿಸುವುದು ಕಡ್ಡಾಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ 7 ದಾಟಿದ ಮಗುವಿನ ಬಾಯಿಮಾತಿನ ಸಮ್ಮತಿ, 12 ದಾಟಿದವರ ಲಿಖಿತ ಸಮ್ಮತಿ ಪಡೆಯಬೇಕು. ಆ ಸಮ್ಮತಿ ಪತ್ರವಾದರೂ ಹುಡುಗನಿಗೆ ಅರ್ಥವಾಗುವ ಕನ್ನಡದಲ್ಲಿರಲಿ.

ಕೊನೆಗೆ, ನಿಮ್ಮ ಮನೆಯ ಮಗು ಈಗಾಗಲೇ ಇಂಥ ಮದ್ದು ತೆಗೆದುಕೊಳ್ಳುತ್ತಿದ್ದರೆ ಈ ಲೇಖನ ಓದಿ ತಟ್ಟನೆ ನಿಲ್ಲಿಸಬೇಡಿ. ಈ ಮದ್ದುಗಳಲ್ಲಿ ಹಲವನ್ನು ಒಮ್ಮೆಲೇ ಬಿಟ್ಟರೆ ತೊಂದರೆ ಮರುಕಳಿಸಬಹುದು, ಇನ್ನೂ ಹೆಚ್ಚಬಹುದು. ಯಾವ ಕಾರಣಕ್ಕೆ ಕೊಟ್ಟದ್ದು, ಎಷ್ಟು ದಿನಕ್ಕೆ, ಯಾವಾಗ ಇಳಿಸಿ ನೋಡಬಹುದು ಎಂದು ಬರೆದ ವೈದ್ಯರನ್ನೇ ಕೇಳಿ. ರಿಸ್ಪೆರಿಡೋನ್ ಆಗಿದ್ದರೆ ತೂಕ, ಸೊಂಟದ ಸುತ್ತಳತೆ, ರಕ್ತದ ಸಕ್ಕರೆಯನ್ನು ಆಗಾಗ ನೋಡಿಸುವುದು ಅಗತ್ಯ. ಸಾಯುವ ಮಾತಾಡುವ, ತನ್ನನ್ನು ಗಾಯಮಾಡಿಕೊಳ್ಳುವ, ಚಾಕು ಹಿಡಿಯುವ ಮಗುವಿಗೆ ಯಾವ ಪೂರ್ವಾವಧಿಯೂ ಬೇಡ. ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಉಳಿದಂತೆ ಮಾತನಾಡಲು 2022ರಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416; ಕನ್ನಡದಲ್ಲೂ ಉತ್ತರ ಸಿಗುತ್ತದೆ.